ಹಗ್ಗದ ಆಯುಷ್ಯ ವಿಂಚಿನ ಕೈಯಲ್ಲಿ

2015ರ ಮಾರ್ಚ್ 2ರಂದು ಬ್ರಿಟನ್ನಿನ ವೇಲ್ಸ್ ತೀರದಲ್ಲಿರುವ ಮಿಲ್ಫರ್ಡ್ ಹೇವನ್ ಬಂದರಿನಲ್ಲಿ ‘ಜರ್ಗಾ’ ಎಂಬ ಹಡಗು ಸೌತ್ ಹುಕ್ ಅನಿಲ ಟರ್ಮಿನಲ್ಲಿನ ಜೆಟ್ಟಿಗೆ ಬಂದು ನಿಂತಿತ್ತು. ಕತಾರಿನ ದ್ರವೀಕೃತ ಅನಿಲ ಸಾಗಿಸಲೆಂದೇ ಕಟ್ಟಿದ, 345 ಮೀಟರ್ ಉದ್ದದ ಭಾರಿ ಹಡಗು ಅದು. ಹಗ್ಗಗಳನ್ನೆಲ್ಲ ಕಟ್ಟಿ ಮುಗಿದಿತ್ತು. ಆದರೆ ಗಾಳಿಯ ಹೊಡೆತಕ್ಕೆ ಹಡಗು ನಿಲ್ಲಬೇಕಾದ ಜಾಗದಿಂದ ತುಸು ಸರಿಯಿತು. ಮತ್ತೆ ಜಾಗಕ್ಕೆ ತರಲು ಮುಂಭಾಗದ ಹಗ್ಗಗಳನ್ನು, ಹಗ್ಗ ಸುತ್ತಿ ಎಳೆಯುವ ಯಂತ್ರವಾದ ವಿಂಚ್ ತಿರುಗಿಸಿ ಬಿಗಿದರು. ಒಂದು ಹಗ್ಗ ಕಿರುಗುಟ್ಟಲು ಶುರುಮಾಡಿತು; ನೋಡನೋಡುತ್ತಲೇ ತುಂಡಾಯಿತು. ಚಿಮ್ಮಿ ಬಂದ ತುಂಡು ಆ ಕೆಲಸದ ಮೇಲ್ವಿಚಾರಣೆಯಲ್ಲಿದ್ದ ಅಧಿಕಾರಿಯ ತಲೆಗೆ ಬಡಿಯಿತು. ತೀವ್ರ ಗಾಯಗೊಂಡ ಅವರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು.

ಅದು ಕಳಪೆ ಹಗ್ಗವಾಗಿರಲಿಲ್ಲ. ಇಂದು ಜಗತ್ತಿನಲ್ಲಿ ಸಿಗುವ ಅತ್ಯಂತ ಬಲವಾದ ಕೃತಕ ನಾರುಗಳಲ್ಲೊಂದರಿಂದ ಹೆಣೆದದ್ದು. ಪ್ರಮಾಣಪತ್ರದಲ್ಲಿ ಬರೆದಿದ್ದ ಬಲಕ್ಕಿಂತ ತುಂಬ ಕಡಿಮೆ ಎಳೆತಕ್ಕೇ ಅದು ಹರಿಯಿತು. ಬ್ರಿಟನ್ನಿನ ನೌಕಾ ಅಪಘಾತ ತನಿಖಾ ಸಂಸ್ಥೆ 2017ರಲ್ಲಿ ವರದಿ ಕೊಟ್ಟಾಗ ಬೆರಳು ತೋರಿಸಿದ್ದು ನಾರಿನ ಕಡೆಗಷ್ಟೇ ಅಲ್ಲ. ಹಗ್ಗದ ರಚನೆಗೂ ಹಡಗಿನ ಮೇಲೆ ಅದು ಹಾದುಹೋಗುತ್ತಿದ್ದ ಉರುಳೆಗಳಿಗೂ ಹೊಂದಿಕೆಯಿರಲಿಲ್ಲ, ಪ್ರತಿ ಬಾರಿ ಬಾಗಿದಾಗಲೂ ಒಳಗಿನ ಎಳೆಗಳು ಅದುಮಿ ನಲುಗುತ್ತಿದ್ದವು ಎಂದು ಅದು ಹೇಳಿತು. ಹಗ್ಗದ ಮೇಲೆ ಹೊದಿಕೆಯಿತ್ತು. ಒಳಗೆ ನಡೆಯುತ್ತಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲ.

ಹಗ್ಗ ಕೊಳ್ಳುವವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಎಷ್ಟು ಟನ್ ತಡೆಯುತ್ತದೆ, ಎಷ್ಟು ವರ್ಷ ಬರುತ್ತದೆ? ಮೊದಲನೆಯದಕ್ಕೆ ಕಾರ್ಖಾನೆ ಉತ್ತರ ಕೊಡಬಲ್ಲದು. ಎರಡನೆಯದಕ್ಕೆ ಕೊಡಲಾರದು. ಆ ಉತ್ತರ ಇರುವುದು ಹಗ್ಗ ಸುತ್ತಿಕೊಳ್ಳುವ ಡ್ರಮ್ಮಿನಲ್ಲಿ, ಅದಕ್ಕೆ ದಾರಿ ತೋರುವ ಫೇರ್‌ಲೀಡ್ ಎಂಬ ಕಿಂಡಿಯಲ್ಲಿ, ಅದನ್ನು ಹಿಡಿದು ನಿಲ್ಲಿಸುವ ಬ್ರೇಕಿನಲ್ಲಿ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ನವಮಂಗಳೂರು ಬಂದರಿನ ಜೆಟ್ಟಿಗಳಿಂದ ಮಲ್ಪೆಯ ಬೋಟುಗಳವರೆಗೆ, ಕೊಡಗಿನ ಕೆಸರಿನಲ್ಲಿ ಸಿಕ್ಕಿಕೊಂಡ ಜೀಪಿನವರೆಗೆ ಇದು ನಮ್ಮ ಜನರ ಜೀವಕ್ಕೆ ಸಂಬಂಧಿಸಿದ ವಿಷಯ.

ಮೊದಲು ನಾರಿನ ಬಗ್ಗೆ ನಾಲ್ಕು ಮಾತು. ಕರಾವಳಿಯಲ್ಲಿ ಒಂದು ಕಾಲಕ್ಕೆ ಹಗ್ಗವೆಂದರೆ ಕತ್ತದ ಹಗ್ಗ. ಆಮೇಲೆ ದೊಡ್ಡ ಕೆಲಸಕ್ಕೆ ಉಕ್ಕಿನ ತಂತಿಯ ಹಗ್ಗ ಬಂತು. 1930ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋಥರ್ಸ್ ನೈಲಾನ್ ಕಂಡುಹಿಡಿದರು. ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಅದರ ಹಿಂದೆಯೇ ಬಂದವು. 1970ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸಿನ ಡಿಎಸ್‌ಎಂ ಕಂಪನಿಯ ಪ್ರಯೋಗಾಲಯದಲ್ಲಿ ಪಾಲ್ ಸ್ಮಿತ್ ಮತ್ತು ಪೀಟರ್ ಲೆಮ್‌ಸ್ಟ್ರಾ ಅತಿ ಉದ್ದದ ಅಣುಸರಪಳಿಯ ಪಾಲಿಥೀನನ್ನು ದ್ರಾವಣದಲ್ಲಿ ಕರಗಿಸಿ, ಎಳೆಯಾಗಿ ಎಳೆಯುವ ವಿಧಾನ ಕಂಡುಕೊಂಡರು. ಡೈನೀಮಾ, ಸ್ಪೆಕ್ಟ್ರಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಎಚ್‌ಎಂಪಿಇ ನಾರು ಇದೇ. ದಪ್ಪ ಒಂದೇ ಆದರೆ ಉಕ್ಕಿನ ಹಗ್ಗಕ್ಕೆ ಸರಿಸಮ ಬಲ, ತೂಕ ಮಾತ್ರ ಏಳನೇ ಒಂದು ಭಾಗದ ಆಸುಪಾಸು. ನೀರಿನ ಮೇಲೆ ತೇಲುತ್ತದೆ, ತುಕ್ಕು ಹಿಡಿಯುವುದಿಲ್ಲ, ತಂತಿಯ ಮುರಿದ ಎಳೆ ಅಂಗೈಗೆ ಚುಚ್ಚುವ ಭಯವಿಲ್ಲ. ಎಂಟು ಜನ ಹೊರುತ್ತಿದ್ದುದನ್ನು ಇಬ್ಬರು ಹೊರಬಹುದಾದರೆ ಡೆಕ್ಕಿನ ಕೆಲಸಗಾರನ ಸೊಂಟಕ್ಕೆ ಅದಕ್ಕಿಂತ ದೊಡ್ಡ ಉಪಕಾರ ಯಾವುದಿದೆ?

ಆದರೆ ಈ ನಾರಿಗೆ ಮೂರು ಸ್ವಭಾವಗಳಿವೆ. ಅದು ತುಂಬ ಜಾರು. ಸುಮಾರು 145-150 ಡಿಗ್ರಿ ಸೆಲ್ಸಿಯಸ್ಸಿಗೆ ಕರಗಿಹೋಗುತ್ತದೆ. 70 ಡಿಗ್ರಿ ದಾಟಿದರೇ ಬಲ ಕುಗ್ಗತೊಡಗುತ್ತದೆ. ಎಳೆತವನ್ನು ಅದ್ಭುತವಾಗಿ ತಾಳುತ್ತದೆ, ಉದ್ದಕ್ಕೆ ಅದುಮಿದರೆ ತಾಳುವುದಿಲ್ಲ. ವಿಂಚು ಈ ಮೂರನ್ನೂ ದಿನದಿನವೂ ಪರೀಕ್ಷೆಗೆ ಒಡ್ಡುತ್ತದೆ.

ಬಾಗುವಿಕೆಯಿಂದ ಶುರುಮಾಡೋಣ. ಪ್ರಮಾಣಪತ್ರದ ಟನ್ ಲೆಕ್ಕ ಹೊಸ ಹಗ್ಗವನ್ನು ನೇರವಾಗಿ ಹಿಡಿದು, ತುಂಡಾಗುವ ತನಕ ಎಳೆದು ಬರೆದದ್ದು. ಹಡಗಿನ ಮೇಲೆ ಹಗ್ಗ ನೇರವಾಗಿರುವುದೇ ಅಪರೂಪ. ಡ್ರಮ್ಮಿನ ಮೇಲೆ ಸುತ್ತುತ್ತದೆ, ಡೆಕ್ಕಿನ ನಡುವಿನ ಉರುಳೆಗೆ ಬಾಗುತ್ತದೆ, ಹಡಗಿನ ಅಂಚಿನ ಫೇರ್‌ಲೀಡಿನಲ್ಲಿ ಮತ್ತೆ ತಿರುಗಿ ಕೆಳಗಿಳಿದು ದಡದ ಬೊಲ್ಲಾರ್ಡಿಗೆ, ಎಂದರೆ ಹಗ್ಗ ಕಟ್ಟುವ ಗಿಡ್ಡ ಕಂಬಕ್ಕೆ, ಬೀಳುತ್ತದೆ. ಬಾಗಿದ ಜಾಗದಲ್ಲಿ ಹೊರಮೈಯ ಎಳೆಗಳು ಹೆಚ್ಚು ಎಳೆತ ಹೊರುತ್ತವೆ, ಒಳಮೈಯವು ಅದುಮಲ್ಪಡುತ್ತವೆ. ಎಳೆಗೆ ಎಳೆ ಉಜ್ಜಿ ಒಳಗೇ ಶಾಖ ಹುಟ್ಟುತ್ತದೆ. ಬಾಗು ಎಷ್ಟು ಚೂಪೋ ಹಾನಿ ಅಷ್ಟು ಹೆಚ್ಚು. ಊರ ಬಾವಿಯ ರಾಟೆಯನ್ನು ನೆನೆಯಿರಿ: ಅಗಲ ರಾಟೆಯ ಮೇಲೆ ವರ್ಷಗಟ್ಟಲೆ ಬಂದ ಹಗ್ಗ, ಅಂಗೈಯಗಲದ ಪುಟ್ಟ ಗಡಗಡೆಗೆ ಹಾಕಿದ ಕೂಡಲೇ ಒಂದೇ ಬೇಸಿಗೆಯಲ್ಲಿ ಎಳೆ ಬಿಡುತ್ತದೆ.

ಆದ್ದರಿಂದ ಡ್ರಮ್ಮಿನ ವ್ಯಾಸ ಹಗ್ಗದ ವ್ಯಾಸದ ಕನಿಷ್ಠ 16 ಪಟ್ಟಾದರೂ ಇರಬೇಕೆಂದು ತೈಲ ಕಂಪನಿಗಳ ಅಂತರರಾಷ್ಟ್ರೀಯ ನೌಕಾ ವೇದಿಕೆಯ ಮಾರ್ಗಸೂಚಿ ಹೇಳುತ್ತದೆ. ಹಗ್ಗ 44 ಮಿಲಿಮೀಟರ್ ದಪ್ಪವಿದ್ದರೆ ಡ್ರಮ್ಮು ಹೆಚ್ಚುಕಡಿಮೆ 70 ಸೆಂಟಿಮೀಟರ್. ಡ್ರಮ್ಮಿನಲ್ಲಿ ಈ ಲೆಕ್ಕ ಸಾಮಾನ್ಯವಾಗಿ ಸರಿಯಿರುತ್ತದೆ. ಎಡವುವುದು ಉರುಳೆ, ಫೇರ್‌ಲೀಡುಗಳಲ್ಲಿ. ಹಡಗು ಕಟ್ಟುವಾಗ ಜಾಗ, ತೂಕ, ದುಡ್ಡು ಉಳಿಸಲು ಅವನ್ನು ಚಿಕ್ಕದಾಗಿ ಮಾಡಿರುತ್ತಾರೆ. ವಿಂಚಿಗೆ ಕಾಗದವಿದೆ, ಹಗ್ಗಕ್ಕೂ ಕಾಗದವಿದೆ. ನಡುವೆ ನಿಂತ ಉರುಳೆ ಈ ಹಗ್ಗಕ್ಕೆ ಸಾಕಾದಷ್ಟು ದೊಡ್ಡದೇ ಎಂದು ಕೇಳುವವರು ಕಡಿಮೆ. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಅತಿ ದೊಡ್ಡ ಲೋಪ ಇದೇ.

ಅದುಮುವಿಕೆಯ ಹಾನಿ ಬಲು ಮೋಸದ್ದು. ಎಳೆ ಹರಿಯುವುದಿಲ್ಲ, ಹೊರಗೆ ಗುಂಜು ಬರುವುದಿಲ್ಲ. ಬಿಗಿಯಾದ ಹೊದಿಕೆಯೊಳಗೆ, ಹೆಚ್ಚು ತಿರುಚಿಲ್ಲದ ನಾರುಗಳು ಬಾಗಿ ನೆಟ್ಟಗಾಗಿ, ಬಾಗಿ ನೆಟ್ಟಗಾಗಿ ಒಂದೇ ಜಾಗದಲ್ಲಿ ಮಡಿಕೆ ಬೀಳುತ್ತವೆ. ಸಾವಿರ ಮಡಿಕೆಯ ನಂತರ ನಾರು ಅಲ್ಲೇ ಕಡಿಯುತ್ತದೆ. ಹಡಗು ಜೆಟ್ಟಿಯಲ್ಲಿ ನಿಂತಾಗ ಅಲೆಯ ಪ್ರತಿ ಏರಿಳಿತಕ್ಕೂ ಹಗ್ಗದ ಅದೇ ತುಣುಕು ಅದೇ ಉರುಳೆಯ ಮೇಲೆ ಹಿಂದೆ ಮುಂದೆ ಆಡುತ್ತಿರುತ್ತದೆ ಎಂಬುದನ್ನು ನೆನಪಿಡಬೇಕು. ಮಳೆಗಾಲದ ಅರಬ್ಬೀ ಸಮುದ್ರದ ಉಬ್ಬರದಲೆಗೆ ಈ ಆಟ ಇನ್ನಷ್ಟು ಜೋರು.

ಇನ್ನು ಡ್ರಮ್ಮು. ಹಗ್ಗದ ತುದಿಯನ್ನು ಡ್ರಮ್ಮಿಗೆ ಒಂದು ಹಿಡಿಕೆಯಿಂದ ಸಿಕ್ಕಿಸಿರುತ್ತಾರೆ. ಭಾರ ಹೊರುವುದು ಆ ಹಿಡಿಕೆಯಲ್ಲ. ಡ್ರಮ್ಮಿಗೆ ಸುತ್ತಿದ ಸುತ್ತುಗಳ ಘರ್ಷಣೆ. ಉಕ್ಕಿನ ತಂತಿ ಒರಟಾಗಿರುವುದರಿಂದ ಐದು ಸುತ್ತಿಗೆ ಹಿಡಿತ ಸಿಗುತ್ತದೆ. ಜಾರುವ ಎಚ್‌ಎಂಪಿಇಗೆ ಎಂಟರಿಂದ ಹತ್ತು ಸುತ್ತು ಬೇಕು. ತಂತಿ ತೆಗೆದು ಕೃತಕ ಹಗ್ಗ ಹಾಕಿ ಹಳೆಯ ರೂಢಿಯಂತೆ ಐದೇ ಸುತ್ತು ಬಿಟ್ಟರೆ ಹಗ್ಗ ಡ್ರಮ್ಮಿನ ಮೇಲೆ ಜಾರಲು ತೊಡಗುತ್ತದೆ. ಜಾರಿದಲ್ಲಿ ಶಾಖ, ಶಾಖವಿದ್ದಲ್ಲಿ ಕರಗುವಿಕೆ.

ಸುತ್ತು ಹೆಚ್ಚಾಗಿ ಒಂದರ ಮೇಲೊಂದು ಪದರ ಬಂದರೆ ಬೇರೆ ತೊಂದರೆ. ಕೆಳಗಿನ ಪದರವನ್ನು ಸಡಿಲವಾಗಿ ಸುತ್ತಿದ್ದರೆ, ಮೇಲಿನ ಸುತ್ತಿಗೆ ಭಾರ ಬಿದ್ದಾಗ ಅದು ಕೆಳಗಿನ ಸುತ್ತುಗಳ ನಡುವೆ ಸೀಳಿಕೊಂಡು ಇಳಿದು ಹೂತುಕೊಳ್ಳುತ್ತದೆ. ಬಿಡಿಸುವಾಗ ಹಗ್ಗಕ್ಕೆ ಹಗ್ಗವೇ ಗರಗಸವಾಗುತ್ತದೆ; ಕೆಲವೊಮ್ಮೆ ಸಿಕ್ಕಿಕೊಂಡು ಹೊರಗೆ ಬಿಡಬೇಕಾದ ಹಗ್ಗ ತಿರುಗಿ ಒಳಗೇ ಸುತ್ತಿಕೊಳ್ಳುತ್ತದೆ. ಇದನ್ನು ತಪ್ಪಿಸಲು ದೊಡ್ಡ ಹಡಗುಗಳ ವಿಂಚಿನಲ್ಲಿ ಡ್ರಮ್ಮನ್ನು ಎರಡು ಭಾಗ ಮಾಡಿರುತ್ತಾರೆ. ಒಂದು ಕಡೆ ಹಗ್ಗದ ದಾಸ್ತಾನು. ಇನ್ನೊಂದು ಕಡೆ ಎಳೆತ ಹೊರುವ ಒಂದೇ ಪದರ. ಆ ಒಂದು ಪದರದ ಶಿಸ್ತು ಮುರಿದರೆ ಎರಡು ಭಾಗ ಮಾಡಿದ್ದಕ್ಕೇ ಅರ್ಥ ಉಳಿಯುವುದಿಲ್ಲ. ಹೊಸ ಹಗ್ಗ ಹಾಕುವ ದಿನ ಅದನ್ನು ಎಳೆತ ಕೊಟ್ಟೇ ಸುತ್ತಬೇಕು. ಅವಸರದಲ್ಲಿ ಸಡಿಲವಾಗಿ ಸುತ್ತಿದ ಆ ಒಂದು ದಿನದ ಕೆಲಸ ಹಗ್ಗದ ಅರ್ಧ ಆಯುಷ್ಯ ತಿನ್ನಬಲ್ಲದು.

ಪದರಕ್ಕೂ ಬ್ರೇಕಿಗೂ ನೇರ ನಂಟಿದೆ. ಪದರ ಹೆಚ್ಚಿದಂತೆ ಹಗ್ಗ ಡ್ರಮ್ಮಿನ ನಡುವಿನಿಂದ ದೂರ ಸರಿಯುತ್ತದೆ, ಅದೇ ಬ್ರೇಕು ಹಿಡಿದಿಡಬಲ್ಲ ಭಾರ ಇಳಿಯುತ್ತದೆ. ಹಡಗನ್ನು ಕಟ್ಟಿದ ಮೇಲೆ ಭಾರ ಹೊರುವುದು ವಿಂಚಿನ ಮೋಟಾರಲ್ಲ, ಬ್ರೇಕು. ಅದನ್ನು ಹಡಗಿನ ವಿನ್ಯಾಸದಲ್ಲಿ ನಿಗದಿಪಡಿಸಿದ ಹಗ್ಗದ ಬಲದ ಶೇ 60ಕ್ಕೆ ಹೊಂದಿಸಿಡಬೇಕೆಂಬುದು ನಿಯಮ. ಬಿರುಗಾಳಿಗೋ ಪಕ್ಕದಲ್ಲಿ ಹಾದ ದೊಡ್ಡ ಹಡಗಿನ ಸೆಳೆತಕ್ಕೋ ಭಾರ ಮಿತಿ ಮೀರಿದರೆ, ಹಗ್ಗ ಹರಿಯುವ ಮೊದಲೇ ಬ್ರೇಕು ಜಾರಿ ಹಗ್ಗ ಬಿಟ್ಟುಕೊಡಬೇಕು. ಎಂದರೆ ಬ್ರೇಕು ಹಗ್ಗದ ಕಾವಲುಗಾರ. ಲೈನಿಂಗ್ ಸವೆದು ಬೇಗ ಜಾರಿದರೆ ಹಡಗು ಜೆಟ್ಟಿಯಿಂದ ದೂರ ಸರಿಯುತ್ತದೆ. ತುಕ್ಕು ಹಿಡಿದು ಕಚ್ಚಿಕೊಂಡರೆ, ಅಥವಾ ‘ಗಟ್ಟಿಯಾಗಿರಲಿ’ ಎಂದು ಇನ್ನೊಂದು ಸುತ್ತು ತಿರುಗಿಸಿ ಬಿಗಿದರೆ, ಇಡೀ ಹೊರೆ ಹಗ್ಗದ ಮೇಲೆಯೇ ಬೀಳುತ್ತದೆ. ಬ್ಯಾಂಡ್ ಬ್ರೇಕುಗಳು ಒಂದೇ ದಿಕ್ಕಿಗೆ ಪೂರ್ತಿ ಬಲ ಕೊಡುವಂತೆ ಮಾಡಿದವು. ಹಗ್ಗವನ್ನು ಡ್ರಮ್ಮಿಗೆ ತಲೆಕೆಳಗಾದ ದಿಕ್ಕಿನಲ್ಲಿ ಸುತ್ತಿದರೆ ಹಿಡಿತ ಅರ್ಧಕ್ಕೆ ಬೀಳಬಹುದು. ಡ್ರಮ್ಮಿನ ಪಕ್ಕದಲ್ಲಿ ಬಾಣದ ಗುರುತು ಬರೆದಿಡುವುದು ಅದಕ್ಕೇ. ಬಣ್ಣ ಬಳಿಯುವಾಗ ಆ ಬಾಣವನ್ನು ಮುಚ್ಚಿಬಿಡಬಾರದು.

ಶಾಖದ ವಿಷಯವನ್ನು ತಿಳಿಯಲು ಸಮುದ್ರಕ್ಕೇ ಹೋಗಬೇಕಿಲ್ಲ. ಕೊಡಗು, ಸಕಲೇಶಪುರದ ಕಡೆ ಮಳೆಗಾಲದಲ್ಲಿ ಜೀಪು ಓಡಿಸುವವರಿಗೆ ಮುಂದಿನ ಬಂಪರಿನ ವಿಂಚು ಪರಿಚಿತ. ಈಚಿನ ವರ್ಷಗಳಲ್ಲಿ ಅನೇಕರು ತಂತಿಯ ಬದಲು ಎಚ್‌ಎಂಪಿಇ ಹಗ್ಗ ಹಾಕಿಸಿಕೊಂಡಿದ್ದಾರೆ. ಒಳ್ಳೆಯದೇ. ಆದರೆ ಇಂಥ ವಿದ್ಯುತ್ ವಿಂಚುಗಳ ಪೈಕಿ ಬಹಳಷ್ಟರಲ್ಲಿ ಬ್ರೇಕು ಇರುವುದು ಡ್ರಮ್ಮಿನ ಹೊಟ್ಟೆಯೊಳಗೆ. ಮೇಲೆಳೆಯುವಾಗ ತೊಂದರೆಯಿಲ್ಲ. ಭಾರ ತೂಗಿರುವಾಗಲೇ ಮೋಟಾರಿನಿಂದ ಹಗ್ಗ ಬಿಡುತ್ತಾ ಜೀಪನ್ನು ಇಳಿಜಾರಿನಲ್ಲಿ ಕೆಳಗಿಳಿಸಿದರೆ ಬ್ರೇಕು ಉದ್ದಕ್ಕೂ ಉಜ್ಜುತ್ತಿರುತ್ತದೆ. ಡ್ರಮ್ಮು ಕಾಯುತ್ತದೆ. ಅದಕ್ಕೆ ಅಂಟಿಕೊಂಡ ಮೊದಲ ಪದರ ಆ ಕಾವನ್ನು ಪೂರ್ತಿ ಹೀರುತ್ತದೆ. ತಂತಿಗೆ ಅದು ಲೆಕ್ಕಕ್ಕೇ ಇಲ್ಲ. 70 ಡಿಗ್ರಿಗೇ ಸೊರಗುವ ನಾರಿಗೆ ಅದು ಮಾರಕ. ಮೇಲಿನ ಪದರಗಳು ಹೊಸದರಂತೆ ಕಾಣುತ್ತಿದ್ದಾಗಲೇ ಕೆಳಗಿನದು ಬಲಗೆಟ್ಟಿರುತ್ತದೆ. ಹಗ್ಗವನ್ನು ಪೂರ್ತಿ ಬಿಚ್ಚಿದ ದಿನ, ಎಂದರೆ ಅತಿ ಕಷ್ಟದ ದಿನವೇ, ಭಾರ ಬೀಳುವುದು ಆ ಭಾಗದ ಮೇಲೆ. ಬ್ರೇಕು ಡ್ರಮ್ಮಿನ ಹೊರಗಿರುವ ಮಾದರಿಗಳಿವೆ. ಮೊದಲ ಪದರಕ್ಕೆ ಶಾಖ ತಡೆಯುವ ಕವಚ ಹಾಕಿದ ಹಗ್ಗಗಳಿವೆ. ಮೋಟಾರಿನಿಂದ ಉದ್ದಕ್ಕೆ ಇಳಿಸುವ ಅಭ್ಯಾಸ ಬಿಟ್ಟು, ನಡುನಡುವೆ ನಿಲ್ಲಿಸಿ ಡ್ರಮ್ಮು ತಣಿಯಲು ಬಿಡುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಜೀಪಿನವರು ಮಾಡುವ ಇನ್ನೊಂದು ತಪ್ಪು, ಹಗ್ಗ ಬದಲಿಸಿ ಫೇರ್‌ಲೀಡ್ ಬದಲಿಸದೇ ಇರುವುದು. ವರ್ಷಗಟ್ಟಲೆ ತಂತಿ ಉಜ್ಜಿದ ಉರುಳೆಯ ಮೇಲೆ ಸಣ್ಣ ಗೀರು, ಚೂಪಾದ ಅಂಚುಗಳಿರುತ್ತವೆ. ಕಣ್ಣಿಗೆ ಕಾಣದಿದ್ದರೂ ಹತ್ತಿಬಟ್ಟೆ ಸವರಿದರೆ ಎಳೆ ಸಿಕ್ಕಿ ನಿಲ್ಲುತ್ತದೆ. ಬಟ್ಟೆಗೆ ಸಿಕ್ಕುವ ಮೊನೆ ಹಗ್ಗಕ್ಕೂ ಸಿಗುತ್ತದೆ. ಹಡಗುಗಳಲ್ಲೂ ಇದೇ ಕತೆ: ತಂತಿ ಮತ್ತು ಕೃತಕ ಹಗ್ಗ ಒಂದೇ ಫೇರ್‌ಲೀಡ್ ಹಂಚಿಕೊಳ್ಳಬಾರದು. ತುಕ್ಕು ಕೆರೆದು ನುಣುಪು ಮಾಡಬೇಕು. ತುಕ್ಕಿನ ಮೇಲೆಯೇ ಬಣ್ಣ ಬಳಿದು ನುಣುಪಾಯಿತೆಂದು ತಿಳಿದರೆ ಬಣ್ಣದ ಸಿಪ್ಪೆ ಮೊದಲ ಎಳೆತಕ್ಕೇ ಎದ್ದು ಎಳೆಗಳ ನಡುವೆ ಸೇರುತ್ತದೆ. ಕೆಸರು ಮರಳು ಹೊಕ್ಕ ಹಗ್ಗವನ್ನು ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಒಳಸೇರಿದ ಮರಳಿನ ಕಣ ಪ್ರತಿ ಎಳೆತಕ್ಕೂ ಒಳಗಿನಿಂದ ಕೊಯ್ಯುತ್ತದೆ.

ಮೀನುಗಾರಿಕೆಯ ಕಡೆ ಬಂದರೆ, ರಾಂಪಣಿ ಬಲೆಯನ್ನು ಊರಿನ ಜನವೆಲ್ಲ ಸೇರಿ ದಡದಲ್ಲಿ ನಿಂತು ಕೈಯಿಂದ ಎಳೆಯುತ್ತಿದ್ದ ಕಾಲದಲ್ಲಿ ಹಗ್ಗಕ್ಕೆ ಬೀಳುತ್ತಿದ್ದ ಭಾರಕ್ಕೆ ಮನುಷ್ಯರ ತೋಳೇ ಮಿತಿಯಾಗಿತ್ತು. 1970ರ ದಶಕದ ನಡುವೆ ಕರ್ನಾಟಕ ಕರಾವಳಿಗೆ ಪರ್ಸೀನ್ ಬೋಟುಗಳು ಬಂದ ಮೇಲೆ ಆ ಮಿತಿಯನ್ನು ಎಂಜಿನ್ ತೆಗೆದುಹಾಕಿತು. ಬಲೆಯ ಬಾಯಿ ಮುಚ್ಚುವ ಹಗ್ಗ ಬಳೆಗಳ ಮೂಲಕ ಹಾದು ವಿಂಚಿಗೆ ಬರುತ್ತದೆ. ತಿರುಗುವ ಡ್ರಮ್ಮಿಗೆ ಕೆಲವು ಸುತ್ತು ಹಾಕಿ ತುದಿಯನ್ನು ಕೈಯಲ್ಲಿ ಹಿಡಿದು ಎಳೆಯುವ ಕ್ರಮದಲ್ಲಿ, ಡ್ರಮ್ಮು ತಿರುಗುತ್ತಲೇ ಇದ್ದು ಹಗ್ಗ ನಿಂತಲ್ಲೇ ಜಾರಿದರೆ ಪಾಲಿಪ್ರೊಪಿಲೀನ್ ಕ್ಷಣದಲ್ಲಿ ಕರಗತೊಡಗುತ್ತದೆ. ಅದರ ಕರಗುವ ಬಿಂದು ಸುಮಾರು 165 ಡಿಗ್ರಿ ಅಷ್ಟೇ. ಕರಗಿದ ಮೈ ಡ್ರಮ್ಮಿಗೆ ಅಂಟಿ, ಆಮೇಲೆ ಬಿಟ್ಟುಕೊಂಡು ಹಗ್ಗ ಹಾರುತ್ತದೆ. ತುದಿ ಹಿಡಿದವನ ಕೈ ಅದರ ಜೊತೆಗೇ ಹೋಗುತ್ತದೆ. ಜಾರಿಸಬೇಕಾದಾಗ ಡ್ರಮ್ಮನ್ನು ನಿಲ್ಲಿಸಿ ಅಥವಾ ಹಿಂದಕ್ಕೆ ತಿರುಗಿಸಿ ಬಿಡುವುದೇ ಸರಿಯಾದ ಕ್ರಮ. ಬೋಟಿಗೆ ಹೊಸ ಹುಡುಗ ಬಂದಾಗ ತಂಡೇಲರು ಕಲಿಸಬೇಕಾದ ಮೊದಲ ಪಾಠ ಇದಾಗಬೇಕು.

ಸವೆತವನ್ನು ಹಗ್ಗವೇ ಹೇಳುತ್ತದೆ, ಓದಲು ಕಲಿಯಬೇಕು. ಹೊಸ ಹಗ್ಗದ ಮೈಮೇಲೆ ಕೆಲವೇ ದಿನಗಳಲ್ಲಿ ನವಿರಾದ ಜುಂಗು ಏಳುತ್ತದೆ. ಹೆದರಬೇಕಾಗಿಲ್ಲ, ಅದು ಒಳಗಿನ ಎಳೆಗಳಿಗೆ ಹೊದಿಕೆಯಾಗುತ್ತದೆ. ಎಳೆಗಳೇ ಕಡಿದು ಹೊರಬರುವುದು ಬೇರೆ ಮಾತು. ಹೊಳೆಯುವ ಗಟ್ಟಿ ತೇಪೆ ಕಂಡರೆ ಎರಡೂ ಕೈಯಲ್ಲಿ ಹಿಡಿದು ಬಾಗಿಸಿ ನೋಡಿ. ಸಡಿಲವಾಗಿ ಎಳೆ ಬಿಡಿಬಿಡಿಯಾದರೆ ಬರೀ ಒತ್ತಡದ ಗುರುತು. ಬಾಗಿಸಿದರೂ ಗಟ್ಟಿಯಾಗಿಯೇ ಉಳಿದರೆ ನಾರು ಕರಗಿ ಕೂಡಿಕೊಂಡಿದೆ, ಆ ಭಾಗ ಕತ್ತರಿಸಿ ತೆಗೆಯಬೇಕು. ಎಳೆಗಳನ್ನು ಬಿಡಿಸಿದಾಗ ಒಳಗೆ ಪುಡಿ ಉದುರಿದರೆ ಒಳಸವೆತ ಮುಂದುವರಿದಿದೆ. ಹೊದಿಕೆಯ ಹಗ್ಗದಲ್ಲಿ ಇದ್ಯಾವುದನ್ನೂ ನೋಡಲಾಗದು, ಆದ್ದರಿಂದ ಅಲ್ಲಿ ಕಣ್ಣಿಗಿಂತ ದಾಖಲೆಯೇ ಮುಖ್ಯ: ಎಷ್ಟು ಗಂಟೆ ಭಾರದಲ್ಲಿತ್ತು, ಯಾವ ಉರುಳೆಯ ಮೇಲಿತ್ತು, ತುದಿ ಅದಲುಬದಲು ಮಾಡಿದ್ದು ಯಾವಾಗ. ಹಗ್ಗವನ್ನು ಕಾಲಕಾಲಕ್ಕೆ ತಿರುಗಿಸಿ ಒಳತುದಿಯನ್ನು ಹೊರಗೆ ಹಾಕಿದರೆ ಬಾಗುವ ಜಾಗ ಬದಲಾಗಿ ಸವೆತ ಹಂಚಿಹೋಗುತ್ತದೆ. ಉಳಿದ ಬಲ ಹಡಗಿಗೆ ನಿಗದಿಪಡಿಸಿದ ಬಲದ ಶೇ 75ಕ್ಕೆ ಇಳಿಯುವ ಮುಂಚೆಯೇ ಹಗ್ಗವನ್ನು ನಿವೃತ್ತಿಗೊಳಿಸಬೇಕೆನ್ನುತ್ತದೆ ಮಾರ್ಗಸೂಚಿ.

ಆ ತೈಲ ಕಂಪನಿಗಳ ವೇದಿಕೆ 2018ರಲ್ಲಿ ತನ್ನ ಮಾರ್ಗಸೂಚಿಯ ನಾಲ್ಕನೇ ಆವೃತ್ತಿ ಹೊರತಂದು, ಹಗ್ಗ ಮತ್ತು ವಿಂಚನ್ನು ಒಂದೇ ವ್ಯವಸ್ಥೆಯಾಗಿ ನೋಡಬೇಕೆಂದು ಒತ್ತಿಹೇಳಿತು. ಅಂತರರಾಷ್ಟ್ರೀಯ ಕಡಲ ಸುರಕ್ಷತಾ ಒಪ್ಪಂದವಾದ ಸೋಲಾಸ್‌ಗೆ ತಂದ ತಿದ್ದುಪಡಿ 2024ರ ಜನವರಿ 1ರಿಂದ ಜಾರಿಯಲ್ಲಿದೆ. ವಿನ್ಯಾಸದ ಹೊಸ ನಿಯಮಗಳು ಹೊಸ ಹಡಗುಗಳಿಗೆ; ಹಗ್ಗ, ವಿಂಚುಗಳ ತಪಾಸಣೆ ಮತ್ತು ನಿರ್ವಹಣೆಯ ನಿಯಮ ಹಳೆಯವಕ್ಕೂ ಅನ್ವಯ. ಇದು ಒಳ್ಳೆಯ ಹೆಜ್ಜೆ. ಆದರೆ ಈ ನಿಯಮ ಮೀನುಗಾರಿಕೆ ಬೋಟಿಗೆ ಬರುವುದಿಲ್ಲ, ಜೀಪಿಗಂತೂ ಇಲ್ಲವೇ ಇಲ್ಲ. ಅಲ್ಲಿ ನಿಯಮವೆಂದರೆ ಮಾಲೀಕರ ಕಾಳಜಿ ಮಾತ್ರ.

ಹಗ್ಗದ ಅಂಗಡಿಗೆ ಹೋಗುವ ಮುಂಚೆ ಟೇಪು ಹಿಡಿದು ಡ್ರಮ್ಮನ್ನೂ ಪ್ರತಿ ಉರುಳೆಯನ್ನೂ ಅಳೆಯಿರಿ, ಆ ಅಳತೆಗೆ ತಕ್ಕ ಹಗ್ಗ ಕೇಳಿ. ಉರುಳೆ ಚಿಕ್ಕದಾದರೆ ಮೊದಲು ಉರುಳೆ ಬದಲಿಸಿ. ಉಡುಪಿ, ಕಾರವಾರ, ಮಂಗಳೂರಿನ ಮನೆಗಳಿಂದ ಹಡಗಿನ ಕೆಲಸಕ್ಕೆ ಹೊರಟ ಹುಡುಗರಿಗೆ ಒಂದು ಮಾತು. ಹೊಸ ನಾರು ಹೆಚ್ಚು ಹಿಗ್ಗುವುದಿಲ್ಲ, ಆದ್ದರಿಂದ ಚಿಮ್ಮುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರ ತುದಿಗೆ ಜೋಡಿಸಿದ ಹಿಗ್ಗುವ ಹಗ್ಗದ ತುಂಡು ಸಾಕಷ್ಟು ಶಕ್ತಿ ತುಂಬಿಕೊಂಡಿರುತ್ತದೆ. ಡೆಕ್ಕಿನ ಮೇಲೆ ಬಣ್ಣದಿಂದ ಗುರುತು ಮಾಡಿದ ಜಾಗ ಮಾತ್ರ ಅಪಾಯದ್ದು, ಉಳಿದದ್ದು ಸುರಕ್ಷಿತ ಎಂದೂ ಭಾವಿಸಬೇಡಿ. ವಿಂಚು ಎಳೆಯುತ್ತಿರುವಷ್ಟು ಹೊತ್ತು ಅಲ್ಲಿನ ಇಡೀ ಡೆಕ್ಕೇ ಅಪಾಯದ ಜಾಗ.